ಅಜ್ಜಿಯ ‘ಅಂದ್ಮೇಲೆ’

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಅಚ್ಚಿನ ಅಂಗಡಿ ಇದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘದವರ ಕರಪತ್ರ ಜೋಡಿಸುವುದು ನನ್ನ ಕೆಲಸ. ಜನ ತಂದುಕೊಡುವ ಒಕ್ಕಣೆಯಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದು ನನ್ನ ಕಣ್ಣಿಗೆ ಮೊದಲು ಬೀಳುತ್ತದೆ. ಗಂಡಿನ ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಸಾಲಾಗಿ ಇದ್ದಾರೆ, ಸೋದರಮಾವನ ಜಾಗ ಮಾತ್ರ ಖಾಲಿ ಇದೆ ಅಂದಮೇಲೆ ಆ ಮನೆಯಲ್ಲಿ ಏನೋ ಮನಸ್ತಾಪ ನಡೆದಿದೆ. ನಾನು ಬಾಯಿಬಿಟ್ಟು ಕೇಳುವುದಿಲ್ಲ. ಒಂದು ಸಾಲಿಗಾಗುವಷ್ಟು ಜಾಗ ಬಿಟ್ಟಿಟ್ಟುಕೊಂಡಿರುತ್ತೇನೆ, ಅಷ್ಟೆ. ಎಷ್ಟೋ ಸಲ ಅಚ್ಚಿಗೆ ಹೋಗುವ ಹಿಂದಿನ ದಿನ ಓಡಿಬಂದು, ಇದೊಂದು ಹೆಸರು ಸೇರಿಸಿಬಿಡಿ ಮೇಡಂ ಅನ್ನುತ್ತಾರೆ.

ಈ ಅಂದಮೇಲೆ ಅನ್ನುವ ಮಾತಿದೆಯಲ್ಲ, ಅದರ ಬಗ್ಗೆ ನನಗೆ ಹೇಳುವುದಿದೆ. ದಿನವಿಡೀ ಅಕ್ಷರಗಳ ಜೊತೆ ಏಗುವವಳು ನಾನು, ಯಾವ ಮಾತಿಗೆ ಎಷ್ಟು ಗತ್ತು ಎಂದು ನನಗೆ ಗೊತ್ತು. ತೀರ್ಮಾನ ಎನ್ನುವ ಮಾತಿಗೆ ಕುರ್ಚಿ ಬೇಕು. ನಾಲ್ಕು ಜನ ಹಿರಿಯರು ಬೇಕು, ಮಧ್ಯದಲ್ಲಿ ಒಂದು ತಟ್ಟೆ ಎಲೆಅಡಿಕೆ ಬೇಕು. ನಿರ್ಣಯಕ್ಕೆ ಮೈಕು ಬೇಕು. ಅಂದಮೇಲೆ ಅನ್ನುವುದಕ್ಕೆ ಏನೂ ಬೇಡ. ಅದು ಅಡುಗೆಮನೆಯ ನೆಲದಲ್ಲಿ ಕೂತು ಸೊಪ್ಪು ಸೋಸುತ್ತಾ ಇರುತ್ತದೆ. ಕಣ್ಣಿಗೆ ಕಂಡದ್ದನ್ನು ಹಿಡಿದುಕೊಂಡು ಕಾಣದೇ ಇರುವುದಕ್ಕೆ ದಾಟಿಸುವುದು ಅದರ ಕೆಲಸ. ಹೊಸ್ತಿಲ ಹತ್ತಿರ ಚಪ್ಪಲಿ ಇದೆ ಅಂದಮೇಲೆ ಒಳಗೆ ಜನ ಇದ್ದಾರೆ. ಇಷ್ಟೇ. ಆದರೆ ಆ ಚಪ್ಪಲಿಯಿಂದ ಆ ಜನಕ್ಕೆ ನಾವು ಹಾರಿದೆವಲ್ಲ, ಬಾಗಿಲು ಕೂಡ ತೆರೆಯದೆ, ಅದನ್ನು ಯೋಚಿಸಿದಾಗೆಲ್ಲ ನನಗೆ ಆಶ್ಚರ್ಯ ತಡೆಯಲಾಗುವುದಿಲ್ಲ.

ನನ್ನ ಅಜ್ಜಿ, ಅಪ್ಪನ ತಾಯಿ, ಈ ಮಾತಿನ ಮೇಲೆಯೇ ಬದುಕಿದವಳು. ನಮ್ಮದು ಕಿಬ್ಬನಹಳ್ಳಿಯಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿರುವ ಊರು. ಸುತ್ತ ತೆಂಗಿನ ತೋಟ. ಅಜ್ಜಿ ಜಗುಲಿಯಲ್ಲಿ ಕೂತರೆ ಹಾದುಹೋಗುವವರ ವಿಷಯವೆಲ್ಲ ಅವಳಿಗೆ ತಿಳಿಯುತ್ತಿತ್ತು. ಒಂದು ಸಲ ಎದುರುಮನೆಯವರು ಹೊಸ ಬಟ್ಟೆ ಉಟ್ಟು ಬಸ್ಸಿಳಿದು ಬಂದರು. ಎಲ್ಲಿಗೆ ಹೋಗಿದ್ರಿ ಅಂದರೆ ಸಂಪಿಗೆ ಊರಿನ ದೇವಸ್ಥಾನಕ್ಕೆ ಅಂದರು. ಅವರು ಅತ್ತ ಹೋಗುತ್ತಲೇ ಅಜ್ಜಿ ಹೇಳಿದಳಂತೆ: “ದೇವಸ್ಥಾನದಿಂದ ಬಂದೋರ ಕೈಲಿ ಪ್ರಸಾದ ಇಲ್ಲ ಅಂದ್ಮೇಲೆ ಅವ್ರು ಹೋಗಿದ್ದು ದೇವ್ರು ನೋಡಕ್ಕಲ್ಲ ಕಣೇ, ಹೆಣ್ಣು ನೋಡಕ್ಕೆ.” ಆ ವರ್ಷ ಸಂಪಿಗೆಯ ಹುಡುಗಿಯೊಬ್ಬಳು ಆ ಮನೆಗೆ ಸೊಸೆಯಾಗಿ ಬಂದಳು.

ಹೇಳಿದಳಂತೆ ಅಂದೆ. ಯಾಕೆಂದರೆ ನಾನು ಪಕ್ಕದಲ್ಲೇ ಕೂತಿದ್ದರೂ ಅದನ್ನು ಕೇಳಿಸಿಕೊಂಡಿಲ್ಲ. ಹುಟ್ಟಿದಾಗಿನಿಂದ ನನ್ನ ಎರಡು ಕಿವಿಯೂ ಬಹುಪಾಲು ಕೇಳುವುದಿಲ್ಲ. ಲಾರಿ ಹತ್ತಿರದಲ್ಲೇ ಹಾರನ್ ಹೊಡೆದರೆ ಏನೋ ಒಂದು ಬಂದು ತಗುಲಿದ ಹಾಗೆ ಆಗುತ್ತದೆ, ಮಾತು ಮಾತ್ರ ಏನೂ ಇಲ್ಲ. ಇವತ್ತು ಕಿವಿಯ ಹಿಂದೆ ಮೆಷಿನ್ ಇದೆ, ಮಾತು ಇದೆ, ಕೆಲಸ ಇದೆ. ಆದರೆ ನಾನು ಚಿಕ್ಕವಳಿದ್ದಾಗ ನನಗೆ ಕಿವಿ ಕೇಳುವುದಿಲ್ಲ ಅನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಗೊತ್ತಿರಲಿಲ್ಲ. ಯಾರೂ ಕಂಡುಹಿಡಿಯದೆ ಹೋಗಿದ್ದರೆ ನಾನು ಮಾತಿಲ್ಲದೆಯೇ ಬೆಳೆದು ಮುದುಕಿಯಾಗುತ್ತಿದ್ದೆ. ಕಂಡುಹಿಡಿದವಳು ಅಜ್ಜಿ. ಅದಕ್ಕೂ ಮೊದಲು, ಏನೂ ತೊಂದರೆ ಇಲ್ಲ ಎಂದು ಇಡೀ ಮನೆಗೆ ಸಾಬೀತು ಮಾಡಿ ತೋರಿಸಿದವಳೂ ಅವಳೇ.

ಇದು ಅರ್ಥವಾಗಬೇಕಾದರೆ ನಮ್ಮ ಕಡೆಯ ಕೊಬ್ಬರಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಬಲಿತ ಕಾಯಿಯನ್ನು ಸುಲಿಯದೆ ಹಾಗೇ ಕೊಬ್ಬರಿ ಮನೆಯ ಅಟ್ಟಕ್ಕೆ ಏರಿಸುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲಿ ಮಲಗಿರುತ್ತದೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ, ಬೇಗ ಒಡೆದರೆ ಅಷ್ಟು ದಿನ ಕಾದದ್ದು ದಂಡ. ಹಾಗಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಕುಲುಕುತ್ತದೆ. ಕೊಬ್ಬರಿಯಾಗಿದ್ದರೆ ಒಳಗಿನ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅನ್ನುತ್ತದೆ. ಇವೆರಡರ ಮಧ್ಯೆ ಇನ್ನೊಂದು ಹಂತ ಇದೆ. ನೀರು ಇಂಗಿರುತ್ತದೆ, ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡೇ ಇರುತ್ತದೆ. ಆಗ ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ. ಅಂಥದ್ದನ್ನು ಅಜ್ಜಿ ಮೂಗಕಾಯಿ ಅನ್ನುತ್ತಿದ್ದಳು. ಅದನ್ನು ಬೈಯದೆ, ಎಸೆಯದೆ ಮತ್ತೆ ಅಟ್ಟಕ್ಕೆ ಕಳಿಸುತ್ತಿದ್ದಳು.

ಅಟ್ಟ ನನಗೆ ಬಹಳ ಇಷ್ಟವಾದ ಜಾಗ. ಕೆಳಗೆ ಎಲ್ಲರೂ ನನ್ನ ಮುಖದ ಮುಂದೆ ಬಾಯಿ ಆಡಿಸುತ್ತಿದ್ದರು, ನಾನು ಸುಮ್ಮನೆ ನೋಡುತ್ತಿದ್ದೆ, ಆಮೇಲೆ ಅವರಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಯಾಕೆ ಬಂತೆಂದು ತಿಳಿಯದೆ ನನಗೂ ಸಿಟ್ಟು ಬರುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಿದ್ದೆ. ಅಟ್ಟದ ಮೇಲೆ ಬಾಯಿ ಆಡಿಸುವವರು ಕಡಿಮೆ. ಅಲ್ಲಿ ಅಜ್ಜಿ ಒಂದೊಂದೇ ಕಾಯಿ ಅಲ್ಲಾಡಿಸಿ ಎರಡು ರಾಶಿ ಮಾಡುತ್ತಿದ್ದಳು. ನಾನು ಅವಳನ್ನು ನೋಡಿ ನೋಡಿ ಅದೇ ಕೆಲಸ ಹಿಡಿದೆ. ಎರಡೂ ಕೈಯಲ್ಲಿ ಕಾಯಿಯನ್ನು ತಬ್ಬಿ ಎದೆಗೆ ಒತ್ತಿಕೊಂಡು ಅಲ್ಲಾಡಿಸುತ್ತಿದ್ದೆ. ಕೆಲವು ಕಾಯಿಯ ಒಳಗೆ ಏನೋ ಮೆತ್ತಗೆ ಉರುಳುತ್ತಿತ್ತು. ಕೆಲವುಗಳಲ್ಲಿ ಯಾರೋ ಗೆಣ್ಣಿನಿಂದ ನನ್ನ ಎಲುಬಿಗೆ ಕುಟ್ಟುತ್ತಿದ್ದರು. ಕುಟ್ಟಿದ್ದು ಈ ಕಡೆ, ಉಳಿದದ್ದು ಆ ಕಡೆ. ಅಜ್ಜಿ ಮಾಡುತ್ತಿದ್ದುದೂ ಇದೇ ಎಂದು ನಾನು ತಿಳಿದಿದ್ದೆ. ಅವಳು ಕಾಯಿಯನ್ನು ಕೆನ್ನೆಯ ಪಕ್ಕ ಹಿಡಿಯುತ್ತಿದ್ದುದು ತೋಳು ನೋಯುತ್ತದೆ ಅಂತಲೇನೋ ಅಂದುಕೊಂಡಿದ್ದೆ.

ನನಗಾಗ ಐದೋ ಆರೋ ವರ್ಷ. ಚಿಕ್ಕನಾಯಕನಹಳ್ಳಿಯಲ್ಲಿದ್ದ ಸೋದರತ್ತೆ ಊರಿಗೆ ಬಂದಳು. ಬಂದ ದಿನವೇ ನನ್ನ ಬೆನ್ನ ಹಿಂದೆ ನಿಂತು ತಟ್ಟೆ ಬಡಿದು ನೋಡಿದ್ದಾಳೆ. ನಾನು ತಿರುಗಿಲ್ಲ. ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದಳಂತೆ, “ಅಣ್ಣ, ಈ ಕೂಸಿಗೆ ಕಿವಿ ಕೇಳ್ಸಲ್ಲ ಅನ್ಸುತ್ತೆ. ತುಮಕೂರಿಗೆ ಕರ್ಕೊಂಡೋಗಿ ತೋರ್ಸು.” ಮುಂದೆ ನಡೆದದ್ದನ್ನು ಅವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಅವ್ವ ಹೇಳುವಾಗ ಅಜ್ಜಿ ಪಕ್ಕದಲ್ಲಿ ಕೂತು ತಿದ್ದುತ್ತಿದ್ದಳು, ಹಾಗಾಗಿ ಇದರಲ್ಲಿ ತಪ್ಪಿದ್ದರೆ ಇಬ್ಬರದೂ.

ಅಜ್ಜಿಗೆ ಕೆಂಡದಂಥ ಕೋಪ ಬಂತು. ಅವಳ ಮೊಮ್ಮಗಳಿಗೆ ಐಬು ಇದೆ ಎಂದು ಅವಳ ಮಗಳೇ ಹೇಳುವುದೇ? ಎದ್ದವಳೇ ನನ್ನ ಕೈ ಹಿಡಿದು ಕೊಬ್ಬರಿ ಮನೆಗೆ ನಡೆದಳು. ಮನೆಯವರೆಲ್ಲ ಕೈ ತೊಳೆದುಕೊಂಡು ಹಿಂದೆ ಬಂದರು. ಅಜ್ಜಿ ಒಂದು ಕುಕ್ಕೆ ಕಾಯಿ ತಂದು ನನ್ನ ಮುಂದೆ ಸುರಿದಳು, ಎಲ್ಲಾ ಬೆರೆತದ್ದು. ಸನ್ನೆ ಮಾಡುವ ಅಗತ್ಯವೇ ಇರಲಿಲ್ಲ. ನಾನು ಒಂದೊಂದನ್ನೇ ಎದೆಗೊತ್ತಿ ಅಲ್ಲಾಡಿಸಿ ಎರಡು ರಾಶಿ ಮಾಡಿದೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದುದು ನನಗೆ ಖುಷಿ ಕೊಟ್ಟಿತು, ಅದು ಚೆನ್ನಾಗಿ ನೆನಪಿದೆ. ಅಪ್ಪ ಬಗ್ಗಿ ರಾಶಿಯಿಂದ ಒಂದೊಂದು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಂದೂ ತಪ್ಪಿರಲಿಲ್ಲ. ಅಜ್ಜಿ ಮಗಳ ಕಡೆ ತಿರುಗಿ ಅಂದಳು:

“ಕಾಯೊಳಗಿನ ಸದ್ದೇ ಕೇಳ್ಸುತ್ತೆ ಅಂದ್ಮೇಲೆ ನಿನ್ ಮಾತು ಕೇಳ್ಸಲ್ವೇನೇ? ಹಟ ಕಣೇ ಅದುಕ್ಕೆ, ಅವ್ರಪ್ಪನಂಗೇ. ಬಾಯಿ ಬಿಡಾಗ ಬಿಡ್ತಾಳೆ ಬುಡು.”

ಯಾರಿಗೆ ತಾನೆ ಇದರಲ್ಲಿ ಕೊಂಕು ಕಂಡೀತು? ನಮ್ಮ ಸೀಮೆಯಲ್ಲಿ ಕಿವಿಯ ಪರೀಕ್ಷೆ ಅಂದರೆ ಅದೇ ಅಲ್ಲವೆ. ಕಾಯಿ ಕೇಳುವವನು ಕಿವಿ ಇರುವವನು. ಸೋದರತ್ತೆ ಕೂಡ ಸೋತೆ ಅಂತ ನಕ್ಕಳಂತೆ. ಅವ್ವನಿಗೆ ಎದೆಯ ಮೇಲಿನ ಭಾರ ಇಳಿಯಿತು. ಅಜ್ಜಿ ನನ್ನ ತಲೆ ನೇವರಿಸಿ ಬೆಲ್ಲ, ಕೊಬ್ಬರಿ ಚೂರು ಬಾಯಿಗಿಟ್ಟಳು. ನಾನು ಪಾಸಾಗಿದ್ದೆ. ಆ ಬೆಲ್ಲದ ರುಚಿ ನೆನೆದರೆ ಈಗಲೂ ನನಗೆ ನಗು ಬರುತ್ತದೆ.

ಅಲ್ಲಿಂದ ನಾನು ಅಧಿಕೃತವಾಗಿ ಹಟಮಾರಿ. ಶಾಲೆಗೆ ಸೇರಿಸುವಾಗ ಅಪ್ಪ ಮೇಷ್ಟರಿಗೂ ಅದನ್ನೇ ಹೇಳಿ ಸೇರಿಸಿದ. ಪಾಪ, ಅವರು ಹಟ ಬಿಡಿಸಲು ತಮಗೆ ತಿಳಿದ ಹಾಗೆ ಪ್ರಯತ್ನಪಟ್ಟರು. ಮೂಲೆಯಲ್ಲಿ ನಿಂತು ನಿಂತು ಆ ಮೂಲೆಯ ಗೋಡೆಯ ಬಿರುಕುಗಳೆಲ್ಲ ನನಗೆ ಬಾಯಿಪಾಠ. ಮಕ್ಕಳು ಬಾಯಿ ಆಡಿಸುವುದನ್ನು ನೋಡಿ ನಾನೂ ಬಾಯಿ ಆಡಿಸುತ್ತಿದ್ದೆ. ಅದರಿಂದ ಅವರಿಗೇನೋ ಆಗುತ್ತಿತ್ತು, ನನಗೇನೂ ಆಗುತ್ತಿರಲಿಲ್ಲ. ಎಲ್ಲರಿಗೂ ಸಿಗುವ ಒಂದು ತಿಂಡಿ ನನ್ನೊಬ್ಬಳಿಗೆ ಸಿಗುತ್ತಿಲ್ಲ ಅನ್ನಿಸುತ್ತಿತ್ತು. ಆ ತಿಂಡಿ ಯಾವುದು, ಎಲ್ಲಿ ಇಟ್ಟಿದ್ದಾರೆ, ಯಾರು ಹಂಚುತ್ತಾರೆ, ಒಂದೂ ತಿಳಿಯದು.

ಆದರೆ ನಾನು ಪೆದ್ದಿಯಾಗಿರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಅವ್ವ ಸೆರಗು ಬಿಗಿದು ಸಿಕ್ಕಿಸಿದರೆ ತೋಟಕ್ಕೆ, ಸಡಿಲ ಹೊದ್ದರೆ ನೆಂಟರು. ಅಪ್ಪ ಬಾಗಿಲಲ್ಲಿ ಬಲಗಾಲಿನ ಚಪ್ಪಲಿ ಮೊದಲು ಬಿಚ್ಚಿದರೆ ಒಳ್ಳೆಯ ದಿನ, ಎರಡನ್ನೂ ಒದ್ದು ಬಿಟ್ಟರೆ ನಾನು ಅಟ್ಟಕ್ಕೆ. ನಾಯಿಯ ಕಿವಿ ನಿಗುರಿತು, ಹಾಗಾದರೆ ಹಾದಿಯಲ್ಲಿ ಯಾರೋ ಇದ್ದಾರೆ. ಹೀಗೆ ಒಂದಕ್ಕೊಂದು ಗಂಟು ಹಾಕಿಕೊಂಡೇ ನನ್ನ ದಿನ ಸಾಗುತ್ತಿತ್ತು. ಇದಕ್ಕೊಂದು ಮಾತಿದೆ, ಆ ಮಾತನ್ನು ಅಜ್ಜಿ ದಿನಕ್ಕೆ ನೂರು ಸಲ ನನ್ನ ತಲೆಯ ಮೇಲೆಯೇ ಆಡುತ್ತಿದ್ದಾಳೆ ಅಂತ ನನಗೇನು ಗೊತ್ತು.

ಎರಡು ಮಳೆಗಾಲ ಹೀಗೇ ಹೋಯಿತು. ಆಮೇಲೆ ಒಂದು ಚಿತ್ತೆ ಮಳೆಯ ಮಧ್ಯಾಹ್ನ ಬಂತು. ಆ ವರ್ಷ ಕೊಬ್ಬರಿ ಮನೆಯ ಹೆಂಚು ತೆಗೆಸಿ ಅಪ್ಪ ತಗಡಿನ ಶೀಟು ಹಾಕಿಸಿದ್ದ. ನಾನು, ಅಜ್ಜಿ ಅಟ್ಟದ ಮೇಲೆ ಕಾಯಿ ಬೇರೆ ಮಾಡುತ್ತಿದ್ದೆವು, ಅವ್ವ ಏಣಿಯ ಬುಡದಲ್ಲಿ ಇಳಿಸಿಕೊಳ್ಳುತ್ತಿದ್ದಳು. ಬೆಳಕು ಕಂದಿತು. ಬಾಗಿಲಿನಾಚೆ ನೀರಿನ ದಾರಗಳು ಇಳಿಯುವುದು ಕಂಡಿತು. ಕೂತ ಹಲಗೆ ಸಣ್ಣಗೆ ನಡುಗುತ್ತಿತ್ತು. ಮಳೆ ಅಂದುಕೊಂಡು ನಾನು ಮುಂದಿನ ಕಾಯಿ ಎತ್ತಿಕೊಂಡೆ. ತಗಡಿನ ಮೇಲೆ ಮಳೆ ಬಿದ್ದರೆ ಸದ್ದಾಗುತ್ತದೆ, ಕಿವಿಯ ಬುಡದಲ್ಲೇ ಕಾಯಿ ಅಲ್ಲಾಡಿಸಿದರೂ ಕೇಳದಷ್ಟು ಸದ್ದಾಗುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಅಜ್ಜಿ ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಇನ್ನೊಂದು ಸಲ ಅಲ್ಲಾಡಿಸಿದಳು. ಏನೂ ಕೇಳದೆ ಕೆಳಗಿಟ್ಟಳು. ಮಳೆ ನಿಲ್ಲಲಿ ಎಂದು ಗೋಡೆಗೆ ಒರಗಿದವಳು ನನ್ನ ಕಡೆ ನೋಡಿದಳು. ನಾನು ಕೆಲಸ ಮಾಡುತ್ತಲೇ ಇದ್ದೆ. ಆ ಕಡೆ ಒಂದು, ಈ ಕಡೆ ಒಂದು. ಅಜ್ಜಿ ಮೊದಲು ನಕ್ಕಳು, ಮಗು ಆಟ ಆಡುತ್ತಿದೆ ಎಂದು. ಆಮೇಲೆ ನಗು ನಿಂತಿತು. ನಾನು ಬೇರೆ ಮಾಡಿದ ಕಾಯಿಗಳನ್ನು ಅವಳು ತನ್ನ ಕಾಲಿನ ಪಕ್ಕಕ್ಕೆ ಎಳೆದುಕೊಂಡು ಎರಡು ಗುಂಪಾಗಿಯೇ ಇಟ್ಟುಕೊಂಡಳು. ಮಳೆ ಸ್ವಲ್ಪ ಸಣ್ಣಗಾದಾಗ ಒಂದೊಂದನ್ನೇ ಕಿವಿಗೆ ಹಿಡಿದಳು. ಎಲ್ಲವೂ ಸರಿ ಇದ್ದವು. ಮಳೆ ಮತ್ತೆ ಜೋರಾಯಿತು.

“ನಂಗೇ ಕೇಳ್ಸಲ್ಲ,” ಅಂದಳಂತೆ ಅಜ್ಜಿ. ಮಳೆಯ ಗದ್ದಲದಲ್ಲಿ ಕೆಳಗೆ ಏನೂ ಕೇಳದೆ ಅವ್ವ ಏಣಿ ಹತ್ತಿ ಹತ್ತಿರ ಬಂದಿದ್ದಳು. “ಈ ಮಳೇಲಿ ಯಾರ್ಗೂ ಕೇಳ್ಸಲ್ಲ. ಆದ್ರೂ ಇವ್ಳು ಮಾಡ್ತಾವ್ಳೆ. ಅಂದ್ಮೇಲೆ...”

ಮುಂದೆ ಅವಳು ಹೇಳಲಿಲ್ಲ. ಅಜ್ಜಿ ಅಂದ್ಮೇಲೆ ಎಂದು ಶುರುಮಾಡಿ ಪೂರ್ತಿ ಮಾಡದೆ ಬಿಟ್ಟದ್ದು ತಾನು ಕಂಡ ಹಾಗೆ ಅದೊಂದೇ ಸಲ ಎಂದು ಅವ್ವ ಹೇಳುತ್ತಾಳೆ.

ಆಮೇಲಿನದನ್ನು ನಾನೇ ನೋಡಿದ್ದೇನೆ, ಅದಕ್ಕೆ ಯಾರ ಮಾತೂ ಬೇಡ. ಅಜ್ಜಿ ನನ್ನನ್ನೇ ನೋಡುತ್ತಾ ಒಂದು ಕಾಯಿ ಎತ್ತಿಕೊಂಡಳು. ಕಿವಿಯ ಹತ್ತಿರ ಒಯ್ಯಲಿಲ್ಲ. ನನ್ನ ಹಾಗೆ ಎರಡೂ ಕೈಯಲ್ಲಿ ತಬ್ಬಿ, ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಅಲ್ಲಾಡಿಸಿದಳು. ತಲೆ ಆಡಿಸಿದಳು, ತಿಳಿಯಲಿಲ್ಲ ಎನ್ನುವ ಹಾಗೆ. ಇನ್ನೊಂದು ಎತ್ತಿಕೊಂಡಳು. ನಾನು ಅವಳ ಕಾಯಿಯನ್ನು ಸ್ವಲ್ಪ ಮೇಲಕ್ಕೆ, ಕುತ್ತಿಗೆಯ ಕೆಳಗಿನ ಎಲುಬಿನ ಹತ್ತಿರ ಸರಿಸಿದೆ, ಅಲ್ಲಿ ಚೆನ್ನಾಗಿ ಕುಟ್ಟುತ್ತದೆ. ಅಜ್ಜಿ ಮತ್ತೆ ಅಲ್ಲಾಡಿಸಿದಳು. ಅವಳ ಮುಖ ಬದಲಾಯಿತು. ಕಣ್ಣು ಬಿಟ್ಟಳು, ಕಣ್ಣಿನ ತುಂಬಾ ನೀರು. ಒಬ್ಬ ಮನುಷ್ಯ ಇನ್ನೊಬ್ಬರ ಮೈಯೊಳಗೆ ಹೊಕ್ಕು ನೋಡಿ ಬರುವುದು ಸಾಧ್ಯವಿದ್ದರೆ ಅಜ್ಜಿ ಆ ಹೊತ್ತು ಹೋಗಿ ಬಂದಳು.

ತಾನು ನಾಲ್ಕು ಜನರ ಮುಂದೆ ಸಾಧಿಸಿ ತೋರಿಸಿದ್ದನ್ನು ತಾನೇ ಕೆಡವುವುದು ಎಷ್ಟು ಜನರಿಂದ ಆಗುತ್ತದೆ? ಕೆಡವಲು ಅವಳಿಗೆ ಡಾಕ್ಟರು ಬೇಕಾಗಲಿಲ್ಲ, ಅವರಿವರ ಉಪದೇಶ ಬೇಕಾಗಲಿಲ್ಲ. ಕಟ್ಟಿದ್ದೂ ಅಂದ್ಮೇಲೆ, ಕೆಡವಿದ್ದೂ ಅಂದ್ಮೇಲೆ. ಅಪ್ಪ ತೋಟದಿಂದ ನೆನೆದುಕೊಂಡು ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದಳಂತೆ. “ಕೂಸು ಕಾಯಿ ಕೇಳ್ತಿರ್ಲಿಲ್ಲ ಕಣ್ಲಾ. ಮುಟ್ಟಿ ನೋಡ್ತಿತ್ತು. ನಾನು ತಪ್ಪು ತಿಳ್ಕಂಡೆ. ನಾಳೆ ತುಮಕೂರಿಗೆ ಹೊರಡಾನ.” ತಲೆ ಒರೆಸಿಕೊಳ್ಳಲೂ ಬಿಡದೆ ಅಷ್ಟು ಹೇಳಿಯೇ ಒಳಗೆ ಬಿಟ್ಟಳಂತೆ.

ತುಮಕೂರಿನಲ್ಲಿ ಒಂದು ಸಣ್ಣ ಕೋಣೆ. ತಲೆಗೆ ಏನೋ ಸಿಕ್ಕಿಸಿ ಕೂರಿಸಿದರು. ಗಾಜಿನಾಚೆ ಅಜ್ಜಿ ನಿಂತಿದ್ದಳು. ಮೆಷಿನ್ ಬಂದದ್ದು ಆಮೇಲೆ ಬಹಳ ಓಡಾಟವಾದ ಮೇಲೆ. ಹಾಕಿದ ಕೂಡಲೇ ಲೋಕವೆಲ್ಲ ಹಾಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಕರಕರ, ಗೊರಗೊರ, ಏನೇನೋ. ನಾನು ಕಿತ್ತೆಸೆದೆ. ಅಜ್ಜಿ ಹೆಕ್ಕಿ ತಂದು ಮತ್ತೆ ಹಾಕಿದಳು. ನಾನು ಎಸೆಯುವುದೂ ಅವಳು ಹೆಕ್ಕುವುದೂ ಬಹಳ ದಿನ ನಡೆಯಿತು. ಒಂದು ಬೆಳಿಗ್ಗೆ ಬಿಂದಿಗೆಗೆ ನೀರು ಬೀಳುವುದು ಕೇಳಿಸಿತು. ಬಿಂದಿಗೆ ತುಂಬುತ್ತಾ ಬಂದ ಹಾಗೆ ಆ ಸದ್ದು ಬದಲಾಗುತ್ತಾ ಹೋಯಿತು. ನೋಡದೆಯೇ ತುಂಬಿತು ಅಂತ ನನಗೆ ತಿಳಿಯಿತು. ಎಲ್ಲರೂ ಇಷ್ಟು ದಿನ ಈ ಸುಖದಲ್ಲಿ ಇದ್ದು ನನಗೊಂದು ಮಾತು ಹೇಳಲಿಲ್ಲವಲ್ಲ ಎಂದು ನನಗೆ ಬೆರಗಿನ ಜೊತೆ ಕೋಪವೂ ಬಂತು.

ಮಾತು ಕಲಿಸಲು ಒಬ್ಬ ಟೀಚರ್ ಇದ್ದರು. ವಾರಕ್ಕೊಂದು ಸಲ ಅವ್ವ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಟೀಚರ್ ಚಿತ್ರ ತೋರಿಸುತ್ತಿದ್ದರು: ನೀರು, ಮರ, ಹಸು, ಅವ್ವ. ಒಂದೊಂದಕ್ಕೂ ಒಂದು ಚಿತ್ರ. ಅಂದಮೇಲೆ ಅನ್ನುವುದಕ್ಕೆ ಯಾರು ಚಿತ್ರ ಬರೆಯಲಾದೀತು? ಅದನ್ನು ನಾನು ಅಜ್ಜಿಯ ಬಾಯಿಂದಲೇ ಎತ್ತಿಕೊಂಡೆ. ಮೊದಲು ಬಾಯಿ ಅರ್ಧ ತೆರೆಯುತ್ತದೆ, ಆಮೇಲೆ ತುಟಿ ಕೂಡುತ್ತದೆ, ಮತ್ತೆ ಬಿಡುತ್ತದೆ. ಮೆಷಿನ್ ಬರುವ ಮೊದಲೂ ಆ ಆಕಾರ ನನಗೆ ಗುರುತಿತ್ತು. ಅದು ಬಂದಾಗೆಲ್ಲ ಅಜ್ಜಿಯ ಹುಬ್ಬು ಏರುತ್ತಿತ್ತು, ಎದುರಿದ್ದವರು ಹೌದಲ್ಲ ಎನ್ನುವ ಹಾಗೆ ಮುಖ ಮಾಡುತ್ತಿದ್ದರು. ಮೊದಲೊಂದು ಸಂಗತಿ, ಆಮೇಲೆ ಈ ಆಕಾರ, ಆಮೇಲೆ ಇನ್ನೊಂದು ಸಂಗತಿ. ನಾನು ದಿನವೂ ಮನಸ್ಸಿನೊಳಗೆ ಹಾಕುತ್ತಿದ್ದ ಗಂಟೇ ಇದು ಎಂದು ಹೊಳೆದ ದಿನ ನನಗೆ ಅನ್ನ ಸೇರಲಿಲ್ಲ. ನಾನು ಒಬ್ಬಳೇ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಕೆಲಸವನ್ನು ಊರೆಲ್ಲ ಮಾಡುತ್ತಿತ್ತು, ಅದಕ್ಕೆ ಹೆಸರೂ ಇಟ್ಟುಕೊಂಡಿತ್ತು. ಮೂಲೆಯಲ್ಲಿ ನಿಂತವಳಿಗೆ ಪಂಕ್ತಿಯಲ್ಲಿ ಎಲೆ ಹಾಕಿದ ಹಾಗಾಯಿತು.

ಅದನ್ನು ನಾನು ಮೊದಲು ಬಾಯಿಬಿಟ್ಟು ಆಡಿದ್ದು ಅಜ್ಜಿಯ ಮೇಲೆಯೇ. ಅವಳು ನನಗೆ ಹೇಳದೆ ತುರುವೇಕೆರೆಗೆ ಮದುವೆಗೆ ಹೊರಟಿದ್ದಳು, ಹೇಳಿದರೆ ಹಿಂದೆ ಬೀಳುತ್ತೇನೆ ಅಂತ. ನಾನು ಬಾಗಿಲಿಗೆ ಅಡ್ಡ ನಿಂತು, ಒರಟು ಗಂಟಲಿನಲ್ಲಿ, ತಡವರಿಸಿಕೊಂಡು ಹೇಳಿದೆ. “ಅಜ್ಜಿ ಸೀರೆ ಹೊಸದು. ಅಂದ್ಮೇಲೆ ಊರು.” ಅಜ್ಜಿ ಕೈಚೀಲ ಕೆಳಗಿಟ್ಟಳು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವತ್ತು ನಾನೂ ಮದುವೆಗೆ ಹೋದೆ, ಎರಡು ಹೋಳಿಗೆ ತಿಂದೆ.

ಈಗ ಅಜ್ಜಿಗೆ ಎಷ್ಟು ವಯಸ್ಸೋ ಅವಳಿಗೂ ತಿಳಿಯದು. ಅಟ್ಟ ಹತ್ತಲಾಗುವುದಿಲ್ಲ. ನನ್ನ ತಮ್ಮ ಕಾಯಿ ಇಳಿಸಿ ಜಗುಲಿಯ ಮೇಲೆ ಸುರಿಯುತ್ತಾನೆ, ಅವಳು ಕೂತಲ್ಲೇ ಬೇರೆ ಮಾಡುತ್ತಾಳೆ. ನಾನು ತಿಪಟೂರಿನಲ್ಲೇ ರೂಮು ಮಾಡಿಕೊಂಡಿದ್ದೇನೆ, ಭಾನುವಾರ ಊರಿಗೆ ಹೋಗುತ್ತೇನೆ. ಈಚೆಗೆ ಹೋದಾಗಲೆಲ್ಲ ಮನೆಯಲ್ಲಿ ಅಜ್ಜಿಯ ಮೇಲೆ ದೂರು. ಕರೆದರೆ ತಿರುಗುವುದಿಲ್ಲ, ಕೇಳಿದ್ದಕ್ಕೆ ಉತ್ತರ ಇಲ್ಲ, ಆಡಿದರೆ ಜಗಳಕ್ಕೆ ಬಂದ ಹಾಗೆ ಜೋರು. ತಮ್ಮನ ಹೆಂಡತಿ, ಒಳ್ಳೆಯ ಹುಡುಗಿ, ಅಜ್ಜಿಗೆ ನನ್ನ ಕಂಡ್ರಾಗಲ್ಲ ಅಕ್ಕ ಅಂತ ಕಣ್ಣೀರು ಹಾಕಿಕೊಂಡಳು. ಹೋದ ಭಾನುವಾರ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು ಬಂತು. ಕಿವಿ ಮಂದವಾಗಿರಬಹುದಲ್ಲ ಅಪ್ಪ ಎಂದು ನಾನು ಕೇಳಿದೆ. ಅಪ್ಪ ತುತ್ತು ಕಲಸುತ್ತಾ ಹೇಳಿದ:

“ಕಿವಿಗೇನಾಗೈತೆ? ಈಗ್ಲೂ ಕಾಯಿ ಒಂದೂ ತಪ್ಪದಂಗೆ ಬೇರೆ ಮಾಡ್ತಾಳೆ ಅಂದ್ಮೇಲೆ ಎಲ್ಲಾ ಕೇಳ್ಸುತ್ತೆ ಬುಡು. ಹಟ, ಅಷ್ಟೇಯ.”

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಅಪ್ಪನಿಗೆ ತಾನು ಏನು ಹೇಳಿದೆ ಎನ್ನುವುದೇ ಗೊತ್ತಿರಲಿಲ್ಲ. ಅವ್ವನಿಗೂ ಹೊಳೆಯಲಿಲ್ಲ, ಸಾರು ಬಡಿಸುತ್ತಿದ್ದಳು. ನಾನು ಎದ್ದು ಕೈ ತೊಳೆದು ಜಗುಲಿಗೆ ಬಂದೆ.

ಅಜ್ಜಿ ಮಧ್ಯಾಹ್ನದ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನಾನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಒಂದು ಕಾಯಿ ಎತ್ತಿಕೊಂಡಳು. ಎರಡೂ ಕೈಯಲ್ಲಿ ತಬ್ಬಿ, ಕುತ್ತಿಗೆಯ ಕೆಳಗಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ಅಲ್ಲಾಡಿಸಿದಳು. ಬಲಗಡೆಯ ರಾಶಿಗೆ ಹಾಕಿದಳು. ಇನ್ನೊಂದು ಎತ್ತಿಕೊಂಡಳು. ಅದೇ ಜಾಗ, ನಾನು ಅವತ್ತು ಮಳೆಯಲ್ಲಿ ಸರಿಸಿ ತೋರಿಸಿದ ಜಾಗ. ಎಷ್ಟು ದಿನದಿಂದ ಇವಳು ಈ ಗದ್ದಲದ ಮನೆಯಲ್ಲಿ ಹೀಗೆ ಒಬ್ಬಳೇ ಇದ್ದಾಳೋ.

ನಾನು ಎದುರಿಗೆ ಹೋಗಿ ಕೂತೆ. ಕಿವಿಯ ಮೆಷಿನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಅವಳು ಕಣ್ಣು ಬಿಟ್ಟಾಗ ಅವಳ ಕಾಯಿಯನ್ನು ಮುಟ್ಟಿ, ದನಿ ತೆಗೆಯದೆ, ತುಟಿಯಲ್ಲಿ ಮಾತ್ರ ನಿಧಾನಕ್ಕೆ ಹೇಳಿದೆ.

“ಎದೆಗೆ ಇಟ್ಕಂಡಿದೀಯ. ಅಂದ್ಮೇಲೆ...”

ಅಜ್ಜಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತುಟಿ ಕೂಡಿ ಬಿಡುವಷ್ಟರಲ್ಲಿ ಅವಳಿಗೆ ಗೊತ್ತಾಯಿತು. ಮುಖದ ಬಿಗಿಯೆಲ್ಲ ಸಡಿಲಾಯಿತು. ಕಾಯಿಯನ್ನು ಮಡಿಲಿಗೆ ಇಳಿಸಿ ನನ್ನ ಕೈ ಹಿಡಿದುಕೊಂಡಳು. ಅವಳು ಆಡಿದ ಮಾತು ನನಗೆ ಕೇಳಲಿಲ್ಲ, ಅವಳಿಗೂ ಕೇಳಿರಲಾರದು. ನಾನು ತುಟಿಯಲ್ಲಿ ಓದಿಕೊಂಡೆ.

“ನೀನಾದ್ರೂ ಕಂಡೆ ಬುಡು.”

ಅಷ್ಟು ಹೊತ್ತಿಗೆ ಊಟ ಮುಗಿಸಿ ಅಪ್ಪ ಬಾಗಿಲಿಗೆ ಬಂದಿದ್ದ, ಕೈ ಇನ್ನೂ ಒದ್ದೆ. ಟವೆಲ್ಲಿಗೆ ಕೈ ಚಾಚಿದವನನ್ನು ಅಲ್ಲೇ ನಿಲ್ಲಿಸಿ ಹೇಳಿದೆ.

“ಅಜ್ಜಿ ಕಾಯಿ ಕೇಳ್ತಿಲ್ಲ ಅಪ್ಪ. ಮುಟ್ಟಿ ನೋಡ್ತಾವ್ಳೆ. ನಾಳೆ ತುಮಕೂರಿಗೆ ಹೊರಡಾನ.”